ಕೋಬ್ರಾ ಕಟ್ಟುವುದು ಅರ್ಧ, ತಿದ್ದುವುದು ಇನ್ನರ್ಧ

ಮನೆಯ ಗ್ಯಾರೇಜಿನಲ್ಲಿ ಕೋಬ್ರಾ ಕಾರಿನ ಪ್ರತಿಕೃತಿ ಕಟ್ಟುವವರಿಗೆಲ್ಲ ಒಂದು ದಿನ ಬರುತ್ತದೆ. ಅಂದು ಕಾರು ಮೊದಲ ಸಲ ತನ್ನ ಶಕ್ತಿಯಿಂದಲೇ ಓಡುತ್ತದೆ, ಆದರೆ ಅದಕ್ಕಿನ್ನೂ ಮೈಯೇ ಇರುವುದಿಲ್ಲ. ಉಕ್ಕಿನ ಕೊಳವೆಗಳ ಚೌಕಟ್ಟು, ಮುಂದೊಂದು ವಿ8 ಎಂಜಿನ್ನು, ನಾಲ್ಕು ಚಕ್ರ, ಒಂದು ಸೀಟು, ಒಂದು ಸ್ಟೀರಿಂಗು, ಇಷ್ಟೇ. ಕಟ್ಟುವವರು ಈ ಹಂತವನ್ನು ‘ಗೋ-ಕಾರ್ಟ್’ ಎನ್ನುತ್ತಾರೆ. ಹೊಸಬರು ಇದನ್ನು ಬರೀ ಸಂಭ್ರಮದ ಓಟ ಎಂದುಕೊಳ್ಳುತ್ತಾರೆ. ಅನುಭವಿಗಳು ಅಂದು ಜೇಬಿನಲ್ಲಿ ಪೆನ್ನು, ಪುಸ್ತಕ ಇಟ್ಟುಕೊಂಡೇ ಕೂರುತ್ತಾರೆ. ಎಲ್ಲಿ ಎಣ್ಣೆ ಜಿನುಗಿತು, ಎಲ್ಲಿ ಪೈಪು ಉಜ್ಜಿತು, ಯಾವ ವೇಗದಲ್ಲಿ ನಡುಕ ಹುಟ್ಟಿತು ಎಂಬುದನ್ನೆಲ್ಲ ಬರೆದಿಡಬೇಕು. ಮೈ ಕೂರಿಸಿದ ಮೇಲೆ ಅದೇ ತೊಂದರೆಯನ್ನು ಸರಿಪಡಿಸಲು ಹತ್ತು ಪಟ್ಟು ಹೊತ್ತು ಬೇಕು. ಅಂದು ಎಲ್ಲವೂ ಕೈಗೆ ಎಟಕುವಂತಿರುತ್ತದೆ.

ಪ್ರತಿಕೃತಿ ಕಾರಿನ ವಿಷಯದಲ್ಲಿ ಮೊದಲು ತಿಳಿಯಬೇಕಾದದ್ದು ಈ ಪುಸ್ತಕದ ಬೆಲೆಯನ್ನು. ಬಿಡಿಭಾಗಗಳನ್ನು ಜೋಡಿಸಿದರೆ ಕಾರಿನ ಆಕಾರ ಬರುತ್ತದೆ. ಓಡಿಸಿ, ಬರೆದು, ಬಿಚ್ಚಿ, ತಿದ್ದಿ, ಮತ್ತೆ ಜೋಡಿಸಿದರೆ ಕಾರು ಬರುತ್ತದೆ.

ಮೂಲ ಕಾರು ಯಾವುದು?

ಇಂಗ್ಲೆಂಡಿನ ಸರ್ರೆ ಪ್ರಾಂತ್ಯದ ಥೇಮ್ಸ್ ಡಿಟ್ಟನ್‌ನಲ್ಲಿದ್ದ ಎಸಿ ಕಾರ್ಸ್ ಎಂಬ ಸಣ್ಣ ಕಾರ್ಖಾನೆ 1953ರಲ್ಲಿ ‘ಏಸ್’ ಎಂಬ ತೆರೆದ ಸ್ಪೋರ್ಟ್ಸ್ ಕಾರನ್ನು ಹೊರತಂದಿತು. ಎರಡು ದಪ್ಪ ಕೊಳವೆಗಳ ಚಾಸಿ, ಅದರ ಮೇಲೆ ಕೈಯಲ್ಲಿ ಬಡಿದು ರೂಪಿಸಿದ ಅಲ್ಯೂಮಿನಿಯಂ ಮೈ, ಆರು ಸಿಲಿಂಡರಿನ ಎಂಜಿನ್ನು. ಕಾರು ಹಗುರವಾಗಿತ್ತು, ಚುರುಕಾಗಿತ್ತು. ಆದರೆ ಅದಕ್ಕೆ ಒಗ್ಗಿದ್ದ ಬ್ರಿಸ್ಟಲ್ ಎಂಜಿನ್ನಿನ ತಯಾರಿಕೆ 1960ರ ದಶಕದ ಆರಂಭದಲ್ಲಿ ನಿಂತುಹೋಯಿತು.

ಅದೇ ಹೊತ್ತಿಗೆ ಅಮೆರಿಕದ ಟೆಕ್ಸಾಸಿನ ಕ್ಯಾರೊಲ್ ಶೆಲ್ಬಿ ಎಸಿ ಕಂಪನಿಗೆ ಪತ್ರ ಬರೆದರು. 1959ರ ಲ ಮಾನ್ಸ್ 24 ಗಂಟೆಗಳ ರೇಸನ್ನು ಆಸ್ಟನ್ ಮಾರ್ಟಿನ್ ಕಾರಿನಲ್ಲಿ ರಾಯ್ ಸಾಲ್ವದೋರಿ ಜೊತೆ ಗೆದ್ದವರು ಅವರು. ಹೃದಯದ ಕಾಯಿಲೆಯಿಂದಾಗಿ ರೇಸ್ ಓಡಿಸುವುದನ್ನು ಬಿಡಬೇಕಾಯಿತು. ‘ನಿಮ್ಮ ಹಗುರ ಕಾರಿಗೆ ಅಮೆರಿಕದ ವಿ8 ಎಂಜಿನ್ನು ಕೂರಿಸೋಣವೇ’ ಎನ್ನುವುದು ಅವರ ಪ್ರಸ್ತಾಪದ ಸಾರ. ಫೋರ್ಡ್ ಕಂಪನಿ ತನ್ನ ಹೊಸ ಸಣ್ಣ ವಿ8 ಎಂಜಿನ್ನನ್ನು ಕೊಡಲು ಒಪ್ಪಿತು. 1962ರ ಆರಂಭದಲ್ಲಿ ಎಂಜಿನ್ನಿಲ್ಲದ ಮೊದಲ ಕಾರು ಕ್ಯಾಲಿಫೋರ್ನಿಯಾಕ್ಕೆ ಬಂದಿಳಿಯಿತು. ಸಾಂಟಾ ಫೆ ಸ್ಪ್ರಿಂಗ್ಸ್‌ನಲ್ಲಿದ್ದ ಡೀನ್ ಮೂನ್ ಅವರ ವರ್ಕ್‌ಷಾಪಿನಲ್ಲಿ ಅದಕ್ಕೆ 260 ಘನ ಇಂಚಿನ, ಅಂದರೆ ಸುಮಾರು 4.3 ಲೀಟರಿನ ಎಂಜಿನ್ನು ಕೂರಿಸಿದರು. ಅದೇ ಮೊದಲ ಕೋಬ್ರಾ, ಅದರ ಚಾಸಿ ಸಂಖ್ಯೆ ಸಿಎಸ್‌ಎಕ್ಸ್ 2000. ಅದೇ ಕಾರು 2016ರಲ್ಲಿ ಕ್ಯಾಲಿಫೋರ್ನಿಯಾದ ಮಾಂಟರೆ ಹರಾಜಿನಲ್ಲಿ 1 ಕೋಟಿ 37.5 ಲಕ್ಷ ಡಾಲರಿಗೆ ಮಾರಾಟವಾಯಿತು.

ಅರವತ್ತರ ದಶಕದಲ್ಲಿ ತಯಾರಾದ ಕೋಬ್ರಾಗಳು ಹೆಚ್ಚುಕಡಿಮೆ ಒಂದು ಸಾವಿರ. ಇಷ್ಟು ಕಡಿಮೆ ಸಂಖ್ಯೆ, ಇಷ್ಟು ದೊಡ್ಡ ಬೆಲೆ, ಇಷ್ಟು ಜನರ ಆಸೆ ಸೇರಿದಾಗ ಪ್ರತಿಕೃತಿ ಹುಟ್ಟುವುದು ಸಹಜ. ಇನ್ನೊಂದು ಕಾರಣವೂ ಇದೆ. ಇಂದಿನ ಬಹುತೇಕ ಕಾರುಗಳಲ್ಲಿ ಮೈಯೇ ಚಾಸಿ. ತಗಡಿನ ಪೆಟ್ಟಿಗೆಯೇ ಭಾರ ಹೊರುತ್ತದೆ. ಕೋಬ್ರಾದಲ್ಲಿ ಭಾರವನ್ನೆಲ್ಲ ಹೊರುವುದು ಕೆಳಗಿನ ಚಾಸಿ, ಮೈ ಅದರ ಮೇಲೆ ತೊಡಿಸಿದ ಅಂಗಿ. ಹಾಗಾಗಿ ದೊಡ್ಡ ಪ್ರೆಸ್ಸುಗಳಿಲ್ಲದ ಚಿಕ್ಕ ವರ್ಕ್‌ಷಾಪಿನಲ್ಲೂ ಅದನ್ನು ಕಟ್ಟಬಹುದು.

ಮೂಲ ಕೋಬ್ರಾ ಕೂಡ ಒಂದೇ ಸಲಕ್ಕೆ ಪೂರ್ಣಗೊಂಡ ಕಾರಲ್ಲ. ಮೊದಲ ಕಾರಿನಲ್ಲಿ ಹಿಂದಿನ ಡಿಸ್ಕ್ ಬ್ರೇಕುಗಳು ನಡುವೆ ಡಿಫರೆನ್ಷಿಯಲ್ಲಿನ ಪಕ್ಕದಲ್ಲಿದ್ದವು, ಆಮೇಲೆ ಚಕ್ರಗಳ ಬಳಿಗೆ ಬಂದವು. 75 ಕಾರುಗಳಾದ ಮೇಲೆ 260ರ ಎಂಜಿನ್ನಿನ ಬದಲು 289 ಘನ ಇಂಚಿನದು ಬಂತು. ಹಳೆಯ ಮಾದರಿಯ ಸ್ಟೀರಿಂಗ್ ಪೆಟ್ಟಿಗೆ ಹೋಗಿ ರ‍್ಯಾಕ್ ಸ್ಟೀರಿಂಗು ಬಂತು. 1965ರಲ್ಲಿ 427 ಘನ ಇಂಚಿನ, 7 ಲೀಟರಿನ ದೈತ್ಯ ಎಂಜಿನ್ನು ಕೂರಿಸುವಾಗ ಚಾಸಿಯ ಕೊಳವೆಗಳ ಅಡ್ಡಳತೆ 3 ಇಂಚಿನಿಂದ 4 ಇಂಚಿಗೇರಿತು, ಅಡ್ಡ ಹಾಕಿದ್ದ ಲೀಫ್ ಸ್ಪ್ರಿಂಗುಗಳ ಜಾಗಕ್ಕೆ ಕಾಯಿಲ್ ಸ್ಪ್ರಿಂಗುಗಳು ಬಂದವು. ಕಟ್ಟಿದವರೇ ವರ್ಷ ವರ್ಷವೂ ಕಾರನ್ನು ತಿದ್ದಿದರು. ಪ್ರತಿಕೃತಿ ಕಟ್ಟುವವರು ಅವರಿಂದ ಆಕಾರವನ್ನು ಮಾತ್ರವಲ್ಲ, ಈ ಅಭ್ಯಾಸವನ್ನೂ ಪಡೆಯಬೇಕು.

ಕಿಟ್‌ನಲ್ಲಿ ಏನೇನು ಬರುತ್ತದೆ?

ಪ್ರತಿಕೃತಿಗೆ ಮೂರು ದಾರಿಗಳಿವೆ. ಮೊದಲನೆಯದು ಕಿಟ್. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ವೇರ್‌ಹ್ಯಾಮ್‌ನಲ್ಲಿರುವ ಫ್ಯಾಕ್ಟರಿ ಫೈವ್ ರೇಸಿಂಗ್ 1995ರಿಂದ ಇಂಥ ಕಿಟ್ ಮಾರುತ್ತಿದೆ. ಚಾಸಿ, ಗ್ಲಾಸ್‌ಫೈಬರ್ ಮೈ, ಕತ್ತರಿಸಿದ ಅಲ್ಯೂಮಿನಿಯಂ ಹಾಳೆಗಳು ಮತ್ತು ನಟ್ಟು ಬೋಲ್ಟುಗಳು ಅವರಿಂದ ಬರುತ್ತವೆ. ಎಂಜಿನ್ನು, ಗೇರ್‌ಬಾಕ್ಸು, ಹಿಂದಿನ ಆಕ್ಸಲ್ಲು ಫೋರ್ಡ್ ಮಸ್ಟಾಂಗ್‌ನಂಥ ಹಳೆಯ ‘ದಾನಿ’ ಕಾರಿನಿಂದ ಬರುವುದು ಈ ಪದ್ಧತಿಯ ಮೂಲ. ಇಂಗ್ಲೆಂಡಿನ ಅನೇಕ ಕಿಟ್‌ಗಳು ಜಾಗ್ವಾರ್ ಕಾರಿನ ಸಸ್ಪೆನ್ಷನ್ ಭಾಗಗಳನ್ನು, ರೋವರ್ ಅಥವಾ ಷೆವ್ರೊಲೆ ವಿ8 ಎಂಜಿನ್ನುಗಳನ್ನು ನೆಚ್ಚಿಕೊಂಡು ಬೆಳೆದವು.

ಎರಡನೆಯದು ಅರ್ಧ ಸಿದ್ಧವಾದ ಕಾರು. ದಕ್ಷಿಣ ಆಫ್ರಿಕಾದ ಪೋರ್ಟ್ ಎಲಿಜಬೆತ್‌ನಲ್ಲಿ, ಈಗಿನ ಗೆಬೆಹಾದಲ್ಲಿ, ತಯಾರಾಗುವ ಸೂಪರ್‌ಫಾರ್ಮೆನ್ಸ್ ಕಾರುಗಳು ಬಣ್ಣ, ವೈರಿಂಗು, ಒಳಸಜ್ಜು ಎಲ್ಲವನ್ನೂ ಮುಗಿಸಿಕೊಂಡು ಬರುತ್ತವೆ. ಎಂಜಿನ್ನು, ಗೇರ್‌ಬಾಕ್ಸು ಮಾತ್ರ ಕೊಂಡವರ ಪಾಲಿಗೆ. ಮೂರನೆಯದು ಮೂಲದಂತೆಯೇ ಅಲ್ಯೂಮಿನಿಯಂ ಮೈ. ಅಮೆರಿಕದ ಯೂಟಾ ರಾಜ್ಯದ ಕಿರ್ಕಮ್ ಮೋಟರ್‌ಸ್ಪೋರ್ಟ್ಸ್, ಪೋಲೆಂಡಿನ ಮಿಗ್ ವಿಮಾನ ಕಾರ್ಖಾನೆಯ ಕುಶಲಕರ್ಮಿಗಳ ಕೈಯಲ್ಲಿ ಇಂಥ ಮೈಗಳನ್ನು ಬಡಿಸಿ ಹೆಸರು ಮಾಡಿತು. ಇದು ದುಬಾರಿ ದಾರಿ. ಮನೆಯಲ್ಲಿ ಕೂತು ಕಟ್ಟುವವರಲ್ಲಿ ಹೆಚ್ಚಿನವರು ಹಿಡಿಯುವುದು ಮೊದಲ ದಾರಿಯನ್ನೇ. ಈ ಲೇಖನವೂ ಅದರ ಜೊತೆಗೇ ಸಾಗುತ್ತದೆ.

ಬೆನ್ನೆಲುಬು

ಮೂಲ ಕೋಬ್ರಾದ ಚಾಸಿ ಏಣಿಯಂತಿತ್ತು: ಉದ್ದಕ್ಕೆ ಎರಡು ಕೊಳವೆ, ನಡುವೆ ಅಡ್ಡಪಟ್ಟಿಗಳು. ಏಣಿಯನ್ನು ಮೇಲಿನಿಂದ ಒತ್ತಿದರೆ ಅದು ತಡೆದುಕೊಳ್ಳುತ್ತದೆ. ಒಂದು ತುದಿಯನ್ನು ಹಿಡಿದು ಇನ್ನೊಂದು ತುದಿಯನ್ನು ತಿರುಚಿದರೆ ಬಾಗುತ್ತದೆ. ತಿರುವಿನಲ್ಲಿ ಕಾರಿನ ಚಾಸಿಗೆ ಆಗುವುದು ಇದೇ ತಿರುಚು. ಚಾಸಿ ತಿರುಚಿಕೊಂಡರೆ ಅದೂ ಒಂದು ಸ್ಪ್ರಿಂಗಿನಂತೆ ವರ್ತಿಸುತ್ತದೆ. ಆಗ ಸಸ್ಪೆನ್ಷನ್ನಿಗೆ ನಾವು ಆರಿಸಿದ ಸ್ಪ್ರಿಂಗಿನ ಲೆಕ್ಕವೆಲ್ಲ ಅರ್ಥ ಕಳೆದುಕೊಳ್ಳುತ್ತದೆ.

ಹಾಗಾಗಿ ಈಗಿನ ಅನೇಕ ಪ್ರತಿಕೃತಿಗಳ ಚಾಸಿಯಲ್ಲಿ ಕೊಳವೆಗಳನ್ನು ತ್ರಿಕೋನವಾಗುವಂತೆ ಬೆಸೆದಿರುತ್ತಾರೆ. ನಾಲ್ಕು ಕಡ್ಡಿಗಳ ಚೌಕವನ್ನು ಮೂಲೆಯಲ್ಲಿ ಒತ್ತಿದರೆ ಅದು ವಾಲುತ್ತದೆ. ಮೂರು ಕಡ್ಡಿಗಳ ತ್ರಿಕೋನ ವಾಲುವುದಿಲ್ಲ. ಕೊಳವೆಗಳ ಮೇಲೆ ಅಲ್ಯೂಮಿನಿಯಂ ಹಾಳೆಗಳನ್ನು ರಿವೆಟ್ ಹೊಡೆದು ಕೂರಿಸುವಾಗ ಒಂದು ಎಚ್ಚರಿಕೆ ಬೇಕು. ಬರಿಯ ಉಕ್ಕಿಗೆ ಬರಿಯ ಅಲ್ಯೂಮಿನಿಯಂ ತಾಗಿ ನಡುವೆ ನೀರು ಸೇರಿದರೆ ಅಲ್ಯೂಮಿನಿಯಂ ಬೇಗ ತಿಂದುಹೋಗುತ್ತದೆ. ಕೊಳವೆಗೆ ಪೌಡರ್ ಕೋಟಿಂಗ್, ನಡುವೆ ಸಿಲಿಕೋನ್ ಸೀಲಂಟ್ ಹಾಕಿದರೆ ಈ ತೊಂದರೆ ದೂರವಾಗುತ್ತದೆ, ಹಾಳೆಗಳ ತಮಟೆಯ ಸದ್ದೂ ತಗ್ಗುತ್ತದೆ.

ಎಂಜಿನ್ನು ಮತ್ತು ಎರಡು ಕೋನಗಳು

ಮೂಲದ 260, 289 ಮತ್ತು ಆಮೇಲಿನ 302 ಘನ ಇಂಚಿನ ಫೋರ್ಡ್ ಎಂಜಿನ್ನುಗಳು ಒಂದೇ ಕುಟುಂಬದವು. 289 ಮತ್ತು 302ರ ಸಿಲಿಂಡರಿನ ಅಡ್ಡಳತೆ ಒಂದೇ, 4 ಇಂಚು. ಪಿಸ್ಟನ್ನಿನ ಓಟ ಮಾತ್ರ 2.87 ಇಂಚಿನಿಂದ 3 ಇಂಚಿಗೆ ಹೆಚ್ಚಿತು. ಮಸ್ಟಾಂಗಿನಲ್ಲಿ ಲಕ್ಷಗಟ್ಟಲೆ ಸಂಖ್ಯೆಯಲ್ಲಿ ಬಂದ ಈ 302, ಅಂದರೆ 5 ಲೀಟರಿನ ಎಂಜಿನ್ನು, ಕಟ್ಟುವವರ ಮೆಚ್ಚಿನದು. ಹೊರಗಿನಿಂದ ಎರಡೂ ಅಣ್ಣತಮ್ಮಂದಿರಂತೆ ಕಂಡರೂ ಕಿಡಿಯ ಸರದಿ ಬೇರೆಯಿರಬಹುದು. 289ರ ಸರದಿ 1-5-4-2-6-3-7-8. ಎಂಬತ್ತರ ದಶಕದ ಹೆಚ್ಚು ಶಕ್ತಿಯ 302ರದ್ದು 1-3-7-2-6-5-4-8. ಇದನ್ನು ನಿರ್ಧರಿಸುವುದು ಒಳಗಿನ ಕ್ಯಾಮ್‌ಶಾಫ್ಟ್. ಹಳೆಯ ಪುಸ್ತಕ ನೋಡಿಕೊಂಡು ಹೊಸ ಎಂಜಿನ್ನಿಗೆ ಪ್ಲಗ್ಗಿನ ವೈರು ಹಾಕಿದರೆ ಎಂಜಿನ್ನು ನಡುಗುತ್ತದೆ, ಕಾರ್ಬ್ಯುರೇಟರಿನಿಂದ ಸೀನುತ್ತದೆ. ಎಂಜಿನ್ನೇ ಕೆಟ್ಟಿತೆಂದು ಬಿಚ್ಚುವ ಮೊದಲು ಈ ಎಂಟು ವೈರುಗಳ ಸರದಿಯನ್ನು ನೋಡಬೇಕು.

ಎಂಜಿನ್ನು ಕೂತ ಮೇಲೆ ಕಣ್ಣಿಗೆ ಬೀಳದ ಒಂದು ಲೆಕ್ಕವಿದೆ. ಕೋಬ್ರಾದ ಚಕ್ರಾಂತರ ಬರೀ 90 ಇಂಚು. ಎಂಜಿನ್ನು, ಗೇರ್‌ಬಾಕ್ಸು ಅದರಲ್ಲಿ ಹೆಚ್ಚಿನ ಪಾಲು ನುಂಗಿಬಿಡುವುದರಿಂದ ಪ್ರೊಪೆಲ್ಲರ್ ಶಾಫ್ಟ್ ಮೊಳಕ್ಕಿಂತ ಉದ್ದವಿರುವುದು ಅಪರೂಪ. ಶಾಫ್ಟಿನ ಎರಡು ತುದಿಯಲ್ಲೂ ಕ್ರಾಸ್ ಇರುವ ಜಾಯಿಂಟುಗಳಿವೆ. ಇಂಥ ಜಾಯಿಂಟು ಕೋನದಲ್ಲಿ ತಿರುಗುವಾಗ ಸಮ ವೇಗದಲ್ಲಿ ತಿರುಗುವುದಿಲ್ಲ. ಪ್ರತಿ ಸುತ್ತಿನಲ್ಲಿ ಎರಡು ಸಲ ತುಸು ಮುಂದೋಡುತ್ತದೆ, ಎರಡು ಸಲ ತುಸು ಹಿಂದೆ ಬೀಳುತ್ತದೆ. ಎರಡು ಜಾಯಿಂಟುಗಳ ಕೋನ ಒಂದೇ ಅಳತೆಯದಾಗಿದ್ದು ಎದುರುಬದುರಾಗಿದ್ದರೆ ಒಂದರ ಏರುಪೇರನ್ನು ಇನ್ನೊಂದು ಅಳಿಸಿಹಾಕುತ್ತದೆ. ಹಾಗಿಲ್ಲದಿದ್ದರೆ ಅದು ನಡುಕವಾಗಿ ಸೀಟಿಗೆ ಬರುತ್ತದೆ. ಶಾಫ್ಟ್ ಗಿಡ್ಡವಾದಷ್ಟೂ ಎತ್ತರದ ಸಣ್ಣ ತಪ್ಪು ದೊಡ್ಡ ಕೋನವಾಗಿಬಿಡುತ್ತದೆ.

ಆದ್ದರಿಂದ ಕೋನ ಅಳೆಯುವ ಚಿಕ್ಕ ಗೇಜನ್ನು ಗೇರ್‌ಬಾಕ್ಸಿನ ಹಿಂತುದಿಗೂ ಡಿಫರೆನ್ಷಿಯಲ್ಲಿನ ಮೂತಿಗೂ ಇಟ್ಟು ನೋಡಬೇಕು. ಮಸ್ಟಾಂಗಿನದ್ದರಂಥ ಗಟ್ಟಿ ಆಕ್ಸಲ್ ಇದ್ದರೆ ಕಾರು ಮುಂದಕ್ಕೆ ಚಿಮ್ಮುವಾಗ ಡಿಫರೆನ್ಷಿಯಲ್ಲಿನ ಮೂತಿ ಮೇಲೇಳುತ್ತದೆ. ಅದನ್ನು ಲೆಕ್ಕಕ್ಕೆ ಹಿಡಿದು ನಿಂತಾಗಲೇ ಮೂತಿಯನ್ನು ಒಂದೆರಡು ಡಿಗ್ರಿ ಕೆಳಗಿಡುತ್ತಾರೆ. ಗೇರ್‌ಬಾಕ್ಸಿನ ಮೌಂಟಿನ ಕೆಳಗೆ ಸೇರಿಸುವ ತೆಳ್ಳನೆಯ ಉಕ್ಕಿನ ಬಿಲ್ಲೆಯೊಂದರಿಂದ ಎಷ್ಟೋ ಕಾರುಗಳ ನಡುಕ ನಿಂತಿದೆ.

ಬ್ರೇಕು: ಕಾಲಿನ ಬಲದ ಲೆಕ್ಕ

ಮೂಲ ಕಾರಿನಂತೆ ಅನೇಕ ಪ್ರತಿಕೃತಿಗಳಲ್ಲೂ ಬ್ರೇಕಿಗೆ ಬೂಸ್ಟರ್ ಇರುವುದಿಲ್ಲ. ನಿಲ್ಲಿಸುವ ಬಲವೆಲ್ಲ ಕಾಲಿನದೇ. ಈ ಬಲವನ್ನು ಹೆಚ್ಚಿಸಲು ಎರಡು ಉಪಾಯಗಳಿವೆ. ಒಂದು ಪೆಡಲಿನ ಸನ್ನೆ: ಪೆಡಲಿನ ಅನುಪಾತ 6ಕ್ಕೆ 1 ಇದ್ದರೆ 30 ಕೆಜಿ ಒತ್ತಿದ್ದು 180 ಕೆಜಿಯಾಗಿ ಮಾಸ್ಟರ್ ಸಿಲಿಂಡರಿಗೆ ತಲುಪುತ್ತದೆ. ಇನ್ನೊಂದು ಸಿಲಿಂಡರಿನ ಅಡ್ಡಳತೆ. 1 ಇಂಚಿನ ಸಿಲಿಂಡರಿನ ಬದಲು ಮುಕ್ಕಾಲು ಇಂಚಿನದು ಹಾಕಿದರೆ ಪಿಸ್ಟನ್ನಿನ ವಿಸ್ತೀರ್ಣ 16ರಿಂದ 9ಕ್ಕೆ ಇಳಿಯುತ್ತದೆ. ಅದೇ ಕಾಲಿನ ಬಲಕ್ಕೆ ಎಣ್ಣೆಯ ಒತ್ತಡ ಸುಮಾರು 1.8 ಪಟ್ಟಾಗುತ್ತದೆ. ಆದರೆ ಪೆಡಲು ಕೆಳಗಿಳಿಯುವ ದೂರವೂ ಅಷ್ಟೇ ಪಟ್ಟು ಹೆಚ್ಚುತ್ತದೆ. ಬೂಸ್ಟರ್ ಇದ್ದ ಕಾರಿನ ದಪ್ಪ ಸಿಲಿಂಡರನ್ನು ಹಾಗೆಯೇ ತಂದು ಕೂರಿಸಿದವರು ‘ಪೆಡಲು ಕಲ್ಲಿನಂತಿದೆ, ಕಾರು ನಿಲ್ಲುವುದಿಲ್ಲ’ ಎಂದು ದೂರುವುದು ಇದೇ ಕಾರಣಕ್ಕೆ.

ಕಾಲಿಡುವ ಗೂಡಿಗೆ ಸಂಬಂಧಿಸಿದ ಇನ್ನೊಂದು ಕಷ್ಟ ಬಿಸಿ. ಕೋಬ್ರಾದ ಸೈಲೆನ್ಸರ್ ಕೊಳವೆಗಳು ಎಂಜಿನ್ನಿನಿಂದ ಹೊರಬಿದ್ದು ಕಾಲಿನ ಗೂಡಿನ ಪಕ್ಕದಲ್ಲೇ ಹಾದು ಬಾಗಿಲಿನ ಕೆಳಗೆ ಹೊರಟುಹೋಗುತ್ತವೆ. ಕಾರಿನಿಂದ ಇಳಿಯುವಾಗ ಮೀನಖಂಡ ತಾಗಿ ಸುಟ್ಟುಕೊಂಡರೆ ಅದನ್ನು ಕೋಬ್ರಾ ಮಂದಿ ‘ಹಾವು ಕಚ್ಚಿದ್ದು’ ಎನ್ನುತ್ತಾರೆ. ಗೂಡಿನ ಗೋಡೆಗೆ ಬಿಸಿ ತಡೆಯುವ ಹೊದಿಕೆ ಅಂಟಿಸುವುದರ ಜೊತೆಗೆ, ಕೊಳವೆಗೂ ಗೋಡೆಗೂ ನಡುವೆ ಗಾಳಿಯಾಡುವ ಸಂದು ಬಿಟ್ಟು ಒಂದು ತೆಳು ತಗಡನ್ನು ನಿಲ್ಲಿಸಿದರೆ ಹೆಚ್ಚು ಪ್ರಯೋಜನ. ಕೊಳವೆಯ ಬಿಸಿ ಮೊದಲು ತಗಡಿಗೆ ಬಡಿಯುತ್ತದೆ, ಹಿಂದೆ ಹರಿಯುವ ಗಾಳಿ ಅದನ್ನು ಒಯ್ಯುತ್ತದೆ.

ಮೈಯನ್ನು ನುಣುಪು ಮಾಡುವ ಕೆಲಸ

ಗ್ಲಾಸ್‌ಫೈಬರ್ ಮೈ ಹುಟ್ಟುವುದು ಅಚ್ಚಿನಲ್ಲಿ. ಅಚ್ಚಿನ ಒಳಮೈಗೆ ಮೇಣ ಸವರಿ, ಜೆಲ್ ಕೋಟ್ ಎಂಬ ತೆಳು ಪದರ ಬಳಿದು, ಅದರ ಮೇಲೆ ಗಾಜಿನ ನೂಲಿನ ಹಾಸುಗಳನ್ನು ರಾಳದಲ್ಲಿ ನೆನೆಸಿ ಪದರ ಪದರವಾಗಿ ಕೂರಿಸುತ್ತಾರೆ. ಕೋಬ್ರಾದ ಮೈ ಎಲ್ಲ ಕಡೆ ಉಬ್ಬಿರುವುದರಿಂದ ಒಂದೇ ಅಚ್ಚಿನಿಂದ ಅದನ್ನು ಕಳಚಲಾಗದು. ಅಚ್ಚನ್ನು ಹಲವು ತುಂಡುಗಳಲ್ಲಿ ಮಾಡುತ್ತಾರೆ. ತುಂಡುಗಳು ಕೂಡುವಲ್ಲಿ ಮೈಮೇಲೆ ಏರುಗೆರೆಗಳು ಉಳಿಯುತ್ತವೆ.

ಹೊಸಬರ ದೊಡ್ಡ ತಪ್ಪು ಇಲ್ಲೇ ಆಗುತ್ತದೆ. ಗೆರೆಯನ್ನು ಉಜ್ಜಿ ಸಮ ಮಾಡಿ ಬಣ್ಣ ಹೊಡೆದರೆ ಆ ದಿನಕ್ಕೆ ಚೆನ್ನಾಗಿಯೇ ಕಾಣುತ್ತದೆ. ಒಂದು ಬೇಸಿಗೆ ಕಳೆಯುವಷ್ಟರಲ್ಲಿ ಗೆರೆ ಬಣ್ಣದಡಿಯಿಂದ ಮತ್ತೆ ಮೇಲೆದ್ದು ಬರುತ್ತದೆ, ಏಕೆಂದರೆ ಗೆರೆಯ ಕೆಳಗೆ ಸೂಜಿಮೊನೆಯಷ್ಟು ಪೊಳ್ಳುಗಳಿರುತ್ತವೆ. ಸರಿಯಾದ ಕ್ರಮವೆಂದರೆ ಗೆರೆಯನ್ನು ಅಗಲ ಬಾಯಿಯ ತೋಡಿನಂತೆ ಕೊರೆದು, ಪೊಳ್ಳುಗಳನ್ನು ತೆರೆದು, ಸಾಧಾರಣ ಪುಟ್ಟಿಯ ಬದಲು ರಾಳ ಮತ್ತು ಗಾಜಿನ ನೂಲು ಬೆರೆಸಿದ ಪುಟ್ಟಿ ತುಂಬಿ, ಬಿಸಿಲಿನಲ್ಲಿ ದಿನಗಟ್ಟಲೆ ಬಿಡುವುದು. ಕುಗ್ಗುವುದೆಲ್ಲ ಬಣ್ಣಕ್ಕೆ ಮೊದಲೇ ಕುಗ್ಗಿ ಮುಗಿಯಬೇಕು.

ಆಮೇಲೆ ಉಜ್ಜುವುದು. ಬೆರಳುಗಳಿಂದ ಒತ್ತಿ ಉಜ್ಜಿದರೆ ಬೆರಳಿನಗಲದ ಕಾಲುವೆಗಳು ಮೂಡುತ್ತವೆ. ಅದಕ್ಕೇ ಎಮರಿ ಪೇಪರನ್ನು ಮೊಳದುದ್ದದ, ಬಾಗುವ ಹಲಗೆಗೆ ಸುತ್ತುತ್ತಾರೆ. ದಪ್ಪ ಪ್ರೈಮರ್ ಹೊಡೆದು, ಅದರ ಮೇಲೆ ಕಪ್ಪು ಪುಡಿಯನ್ನು ತೆಳ್ಳಗೆ ಸವರಿ, ಹಲಗೆಯನ್ನು ಓರೆಯಾಗಿ ಒಮ್ಮೆ ಈ ಕಡೆಯಿಂದ, ಒಮ್ಮೆ ಆ ಕಡೆಯಿಂದ ಎಳೆಯುತ್ತಾರೆ. ಉಬ್ಬಿದ ಜಾಗದ ಕಪ್ಪು ಮೊದಲು ಹೋಗುತ್ತದೆ, ತಗ್ಗಿನಲ್ಲಿ ಕಪ್ಪು ಉಳಿಯುತ್ತದೆ. ಹಿಂದಿನ ಚಕ್ರದ ಮೇಲಿನ ಆ ದೊಡ್ಡ ಉಬ್ಬಿನಲ್ಲಿ ಕೈಯಗಲದ ಒಂದು ಕಪ್ಪು ಮಚ್ಚೆ ಉಳಿದುಬಿಟ್ಟರೆ, ಅದು ಬರಿಗಣ್ಣಿಗೆ ಕಾಣದ ತಗ್ಗು ಎಂದು ಅರ್ಥ. ಕಣ್ಣು ಮುಚ್ಚಿ, ತೆಳು ಬಟ್ಟೆಯ ಮೇಲಿಂದ ಅಂಗೈಯನ್ನು ಮುಂದಕ್ಕೊಮ್ಮೆ ಹಿಂದಕ್ಕೊಮ್ಮೆ ಜಾರಿಸಿದರೆ ಅಂಗೈಗೆ ಅದು ಗೊತ್ತಾಗುತ್ತದೆ. ಬಣ್ಣದ ಹೊಳಪು ಬಂದ ಮೇಲೆ ನೋಡಿದವರೆಲ್ಲರಿಗೂ ಗೊತ್ತಾಗುತ್ತದೆ.

ಬಾಗಿಲು, ಬಾನೆಟ್, ಡಿಕ್ಕಿಯ ಸಂದುಗಳನ್ನು ಸುತ್ತಲೂ ಒಂದೇ ಅಳತೆಗೆ, ಸುಮಾರು 5 ಮಿಲಿಮೀಟರಿಗೆ ತರುವುದು ರೂಢಿ. ಬಣ್ಣದ ಪದರಗಳೂ ಸ್ವಲ್ಪ ಜಾಗ ತಿನ್ನುವುದರಿಂದ ಮೊದಲು ತುಸು ಸಡಿಲವಾಗಿಯೇ ಇಟ್ಟುಕೊಳ್ಳಬೇಕು. ಈ ಹೊಂದಾಣಿಕೆ ಮಾಡುವಾಗ ಕಾರು ತನ್ನ ಪೂರ್ತಿ ಭಾರದೊಂದಿಗೆ ಚಕ್ರಗಳ ಮೇಲೆಯೇ ನಿಂತಿರಬೇಕು. ಸ್ಟ್ಯಾಂಡಿನ ಮೇಲೆ ಎತ್ತಿಟ್ಟು ಸರಿಮಾಡಿದ ಬಾಗಿಲು ಕೆಳಗಿಳಿಸಿದಾಗ ಉಜ್ಜತೊಡಗುತ್ತದೆ.

ಗಾಜಿನ ನೂಲು ವಿದ್ಯುತ್ತು ಹರಿಸದು

ತಗಡಿನ ಕಾರಿನಲ್ಲಿ ದೀಪಕ್ಕೆ ಬರುವ ವಿದ್ಯುತ್ತು ಮೈಯ ಮೂಲಕವೇ ಬ್ಯಾಟರಿಗೆ ಮರಳುತ್ತದೆ. ಗ್ಲಾಸ್‌ಫೈಬರ್ ಮೈಯಲ್ಲಿ ಆ ದಾರಿಯಿಲ್ಲ. ಪ್ರತಿಯೊಂದು ದೀಪಕ್ಕೂ ಹಾರನ್ನಿಗೂ ಪೆಟ್ರೋಲ್ ಮೀಟರಿಗೂ ಬೇರೆ ಅರ್ಥ್ ವೈರು ಎಳೆದು, ಚಾಸಿಯ ಬಣ್ಣ ಕೆರೆದು ಬಿಗಿಯಬೇಕು. ಎಡಗಡೆಯ ಇಂಡಿಕೇಟರ್ ಹಾಕಿದಾಗ ಬ್ರೇಕ್ ದೀಪವೂ ಮಿಣುಕಿದರೆ ಸ್ವಿಚ್ಚನ್ನು ಬಯ್ಯಬೇಕಾಗಿಲ್ಲ. ಮರಳುವ ದಾರಿ ಸಿಗದ ವಿದ್ಯುತ್ತು ಪಕ್ಕದ ಬಲ್ಬಿನ ಮೂಲಕ ನುಸುಳುತ್ತಿದೆ ಎಂದು ತಿಳಿದು ಅರ್ಥ್ ವೈರನ್ನು ಹುಡುಕಬೇಕು.

ಓಡಿಸಿ ತಿದ್ದುವುದು

ಈಗ ಕಾರು ನೋಡಲು ಮುಗಿದಂತಿದೆ. ಅರ್ಧ ಕೆಲಸ ಉಳಿದಿದೆ.

ಮೊದಲು ನಟ್ಟುಗಳು. ಸ್ಟೀರಿಂಗ್, ಸಸ್ಪೆನ್ಷನ್, ಬ್ರೇಕಿನ ಪ್ರತಿ ನಟ್ಟನ್ನು ಟಾರ್ಕ್ ಸ್ಪ್ಯಾನರಿನಿಂದ ಬಿಗಿದ ಕೂಡಲೇ ನಟ್ಟಿನಿಂದ ಪಕ್ಕದ ಲೋಹದವರೆಗೆ ಬಿಳಿ ಬಣ್ಣದ ಒಂದು ಗೀಟು ಎಳೆಯುತ್ತಾರೆ. ನೂರೈವತ್ತು ಕಿಲೋಮೀಟರ್ ಓಡಿದ ಮೇಲೆ ಟಾರ್ಚ್ ಹಿಡಿದು ಕೆಳಗೆ ನುಸುಳಿದರೆ ಸಾಕು: ಗೀಟು ತುಂಡಾಗಿದ್ದರೆ ನಟ್ಟು ತಿರುಗಿದೆ. ಹೊಸ ಕಾರಿನಲ್ಲಿ ಬಣ್ಣದ ಪದರ ಅದುಮಿಕೊಂಡು, ಬುಷ್ಷುಗಳು ತಮ್ಮ ಜಾಗದಲ್ಲಿ ಕೂತು, ಒಂದೆರಡು ನಟ್ಟುಗಳಾದರೂ ಸಡಿಲವಾಗಿಯೇ ಇರುತ್ತವೆ.

ಎರಡನೆಯದು ಸ್ಟೀರಿಂಗು. ಗುಂಡಿ ಹಾರಿದಾಗ ಕಾರು ತಾನಾಗಿ ಎಡಕ್ಕೋ ಬಲಕ್ಕೋ ಮೂತಿ ತಿರುಗಿಸಿದರೆ ಅದಕ್ಕೆ ‘ಬಂಪ್ ಸ್ಟಿಯರ್’ ಎಂದು ಹೆಸರು. ಚಕ್ರ ಮೇಲೆ ಕೆಳಗೆ ಆಡುವಾಗ ಸಸ್ಪೆನ್ಷನ್ನಿನ ತೋಳು ಒಂದು ಕಮಾನಿನಲ್ಲಿ ಚಲಿಸುತ್ತದೆ, ಸ್ಟೀರಿಂಗಿನ ಟೈ ರಾಡ್ ಇನ್ನೊಂದು ಕಮಾನಿನಲ್ಲಿ. ಎರಡು ಕಮಾನುಗಳು ಹೊಂದದಿದ್ದರೆ ರಾಡು ಚಕ್ರವನ್ನು ಎಳೆದು ತಿರುಗಿಸಿಬಿಡುತ್ತದೆ. ಪರೀಕ್ಷಿಸಲು ಚಕ್ರ ಬಿಚ್ಚಿ, ಸ್ಪ್ರಿಂಗ್ ತೆಗೆದು, ಹಬ್ಬಿಗೆ ನೆಟ್ಟಗಿನ ಹಲಗೆ ಬಿಗಿಯುತ್ತಾರೆ. ಹಲಗೆಯ ಎರಡು ತುದಿಗೆ ಡಯಲ್ ಗೇಜು ತಾಗಿಸಿ ಜ್ಯಾಕಿನಿಂದ ಅರ್ಧರ್ಧ ಇಂಚು ಎತ್ತುತ್ತಾ ಎರಡು ಮುಳ್ಳುಗಳನ್ನೂ ಓದಿಕೊಳ್ಳುತ್ತಾರೆ. ಎರಡೂ ಜೊತೆಯಾಗಿ ಚಲಿಸಿದರೆ ಸರಿ. ಬೇರೆಬೇರೆಯಾದರೆ ಟೈ ರಾಡಿನ ತುದಿಗೆ ವಾಷರ್ ಸೇರಿಸಿಯೋ ತೆಗೆದೋ ಎತ್ತರ ಬದಲಿಸಿ ಮತ್ತೆ ಅಳೆಯಬೇಕು. ಒಂದು ಭಾನುವಾರದ ಕೆಲಸ, ಆದರೆ ಕಾರಿನ ಗುಣವನ್ನೇ ಬದಲಿಸುವ ಕೆಲಸ.

ಮೂರನೆಯದು ತೂಕದ ಹಂಚಿಕೆ. ಕುಂಟು ಸ್ಟೂಲಿನ ಒಂದು ಕಾಲು ನೆಲ ಬಿಡುವಂತೆ, ನಾಲ್ಕು ಸ್ಪ್ರಿಂಗುಗಳ ಎತ್ತರ ಹೊಂದದಿದ್ದರೆ ಕಾರಿನ ಭಾರ ಎರಡು ಎದುರು ಮೂಲೆಗಳಿಗೆ ಸರಿದುಬಿಡುತ್ತದೆ. ಓಡಿಸುವವರು ಕೂತ 1,080 ಕೆಜಿಯ ಒಂದು ಕಾರನ್ನು ನಾಲ್ಕು ತಕ್ಕಡಿಗಳ ಮೇಲೆ ನಿಲ್ಲಿಸಿದಾಗ ಮುಂದಿನ ಎಡ ಚಕ್ರ 300, ಮುಂದಿನ ಬಲ 220, ಹಿಂದಿನ ಎಡ 260, ಹಿಂದಿನ ಬಲ 300 ತೋರಿಸಿತೆಂದು ಇಟ್ಟುಕೊಳ್ಳಿ. ಮುಂದಿನ ಬಲ ಮತ್ತು ಹಿಂದಿನ ಎಡ ಸೇರಿದರೆ 480 ಕೆಜಿ, ಒಟ್ಟಿನ ಶೇ 44 ಮಾತ್ರ. ಜೋರಾಗಿ ಬ್ರೇಕ್ ಒತ್ತಿದಾಗ ಹಗುರವಾದ ಮುಂದಿನ ಬಲ ಚಕ್ರ ಮೊದಲು ಜಾರುತ್ತದೆ; ಎಡ ತಿರುವಿಗೂ ಬಲ ತಿರುವಿಗೂ ಕಾರು ಬೇರೆಬೇರೆಯಾಗಿ ವರ್ತಿಸುತ್ತದೆ. ಸ್ಪ್ರಿಂಗಿನ ಕೆಳಗಿನ ಕಾಲರನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತಾ ಹೋದರೆ 270, 250, 290, 270 ಆಗುತ್ತದೆ. ಈಗ ಎರಡೂ ಕರ್ಣಗಳಲ್ಲಿ 540 ಕೆಜಿ. ಕಾರಿಗೆ ಒಂದು ಭಾಗವನ್ನೂ ಹೊಸದಾಗಿ ಕೊಂಡಿಲ್ಲ, ಆದರೂ ಅದು ಬೇರೆ ಕಾರು.

ನಾಲ್ಕನೆಯದು ಗಾಳಿ. ಟ್ರಾಫಿಕ್ಕಿನಲ್ಲಿ ಎಂಜಿನ್ನು ಬಿಸಿಯೇರುತ್ತಿದ್ದರೆ ದೊಡ್ಡ ರೇಡಿಯೇಟರ್ ಕೊಳ್ಳುವ ಮುನ್ನ ಕಾರಿನ ಬಾಯಿಯೊಳಗೆ ಬಗ್ಗಿ ನೋಡಬೇಕು. ಗಾಳಿ ಸುಲಭದ ದಾರಿ ಹಿಡಿಯುತ್ತದೆ. ಬಾಯಿಗೂ ರೇಡಿಯೇಟರಿಗೂ ನಡುವೆ ಸಂದುಗಳಿದ್ದರೆ ಅದು ರೇಡಿಯೇಟರನ್ನು ತಪ್ಪಿಸಿ ಪಕ್ಕದಿಂದ ಜಾರಿಹೋಗುತ್ತದೆ. ಅಲ್ಯೂಮಿನಿಯಂ ಹಾಳೆ ಮತ್ತು ರಬ್ಬರಿನಿಂದ ಆ ಸಂದುಗಳನ್ನು ಮುಚ್ಚಿ, ಹಿಂದೆ ಫ್ಯಾನಿಗೆ ಸುತ್ತುಗವಸು ಕಟ್ಟಿದರೆ ಗಾಳಿಗೆ ರೇಡಿಯೇಟರನ್ನು ಹಾಯದೆ ಬೇರೆ ದಾರಿಯಿರುವುದಿಲ್ಲ. ಮುಂದಿನ ಚಕ್ರದ ಹಿಂದಿರುವ ಕಿವಿರುಗಳು ಬರೀ ಅಲಂಕಾರವಲ್ಲ, ಬಿಸಿಗಾಳಿ ಹೊರಹೋಗುವ ಬಾಗಿಲುಗಳು. ಒಳಗಿನಿಂದ ಅವು ತೆರೆದಿವೆಯೇ ಎಂದೂ ನೋಡಬೇಕು.

ರಸ್ತೆಗೆ ಇಳಿಸುವ ಅನುಮತಿ

ಬ್ರಿಟನ್ನಿನಲ್ಲಿ ಇಂಥ ಕಾರು ಐವಿಎ ಎಂಬ ಪರೀಕ್ಷೆ ದಾಟಬೇಕು. ಒಂದೊಂದು ಕಾರನ್ನೂ ಬಿಡಿಯಾಗಿ ಪರೀಕ್ಷಿಸುವ ಈ ಪದ್ಧತಿ 2009ರಲ್ಲಿ ಹಿಂದಿನ ಎಸ್‌ವಿಎ ಪರೀಕ್ಷೆಯ ಜಾಗಕ್ಕೆ ಬಂತು. ಬ್ರೇಕು, ದೀಪ, ಹೊಗೆ, ಸದ್ದು ಮಾತ್ರವಲ್ಲ, ಹೊರಮೈಯ ಅಂಚುಗಳು ಎಷ್ಟು ಮೊಂಡಾಗಿವೆ ಎಂಬುದನ್ನೂ ಅಳೆಯುತ್ತಾರೆ. ತಾಗಬಹುದಾದ ಅಂಚಿನ ದುಂಡು 2.5 ಮಿಲಿಮೀಟರಿಗಿಂತ ಕಡಿಮೆ ಇರಬಾರದು. ಅಮೆರಿಕದಲ್ಲಿ ರಾಜ್ಯಕ್ಕೊಂದು ನಿಯಮ. 2015ರಲ್ಲಿ ಬಂದ ಕಾಯ್ದೆಯೊಂದು, ಕನಿಷ್ಠ 25 ವರ್ಷ ಹಿಂದಿನ ಕಾರುಗಳ ಪ್ರತಿಕೃತಿಗಳನ್ನು ಸಣ್ಣ ತಯಾರಕರು ವರ್ಷಕ್ಕೆ 325ರವರೆಗೆ ಪೂರ್ತಿ ಕಾರಾಗಿಯೇ ಮಾರಲು ದಾರಿ ಮಾಡಿತು.

ನಮ್ಮ ದೇಶದಲ್ಲಿ ಮನೆಯಲ್ಲಿ ಕಟ್ಟಿದ ಕಾರಿಗೆ ಇಂಥ ಬಿಡಿ ಪರೀಕ್ಷೆಯ ಸುಲಭ ದಾರಿಯಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಯಾರಕರು ಕೊಟ್ಟ ರೂಪದಿಂದ ವಾಹನವನ್ನು ಮಾರ್ಪಡಿಸುವುದಕ್ಕೆ ಬಿಗಿಯಾದ ತಡೆ ಹಾಕುತ್ತದೆ. ಹಳೆಯ ಕಾರಿನ ಆರ್‌ಸಿಯನ್ನು ಹೊಸ ಚಾಸಿಗೆ ಅಂಟಿಸುವ ಯೋಚನೆಯನ್ನು ಯಾರೂ ಮಾಡಬಾರದು. ಅಪಘಾತವಾದ ದಿನ ವಿಮೆಯೂ ಕೈಬಿಡುತ್ತದೆ. ಹೊರದೇಶದಲ್ಲಿ ನೆಲೆಸಿದ ಕನ್ನಡಿಗರಲ್ಲಿ ಕೈಕೆಲಸದ ಹಂಬಲವಿರುವವರಿಗೆ ಈ ಕೆಲಸ ಹೆಚ್ಚು ಹೊಂದುತ್ತದೆ. ಇಲ್ಲಿರುವವರಿಗೆ ಇದರ ಪಾಠಗಳು ಹಳೆಯ ಫಿಯಟ್ಟನ್ನೋ ಜೀಪನ್ನೋ ಮೊದಲಿನ ರೂಪಕ್ಕೆ ತರುವಾಗಲೂ ಒದಗುತ್ತವೆ. ಬ್ರೇಕಿನ ಲೆಕ್ಕವೂ ಶಾಫ್ಟಿನ ಕೋನವೂ ಎಲ್ಲ ಕಾರಿಗೂ ಒಂದೇ.

ಪುಸ್ತಕವೇ ವಂಶಾವಳಿ

ಮೂಲ ಕೋಬ್ರಾಗಳ ಬೆಲೆ ನಿಂತಿರುವುದು ಸಿಎಸ್‌ಎಕ್ಸ್‌ನಂಥ ಚಾಸಿ ಸಂಖ್ಯೆಯ ಮೇಲೆ. ಯಾವ ಕಾರು ಯಾವ ವರ್ಷ ಹೊರಟಿತು, ಎಲ್ಲಿ ರೇಸ್ ಓಡಿತು, ಯಾರ ಕೈಗೆ ಹೋಯಿತು ಎಂಬುದೆಲ್ಲ ಆ ಸಂಖ್ಯೆಯ ಹಿಂದಿದೆ. ಪ್ರತಿಕೃತಿಗೆ ಆ ವಂಶವಿಲ್ಲ, ಇದೆಯೆಂದು ನಟಿಸಲೂ ಬಾರದು. ಕಾರಿನ ಪಕ್ಕದಲ್ಲಿ ನಿಂತು ‘ಇದು ಅಸಲಿಯೇ?’ ಎಂದು ಕೇಳಿದವರಿಗೆ ‘ಅಲ್ಲ, ನಾನು ಕಟ್ಟಿದ್ದು’ ಎನ್ನುವುದರಲ್ಲಿ ಕಡಿಮೆಯೇನೂ ಇಲ್ಲ.

ಅದರ ವಂಶಾವಳಿ ಗೋ-ಕಾರ್ಟಿನ ದಿನ ಜೇಬಿನಲ್ಲಿದ್ದ ಆ ಪುಸ್ತಕದಲ್ಲಿರುತ್ತದೆ. ಯಾವ ತಾರೀಖಿಗೆ ಯಾವ ನಟ್ಟಿನ ಗೀಟು ತುಂಡಾಗಿತ್ತು, ಗೇರ್‌ಬಾಕ್ಸಿನ ಕೆಳಗೆ ಎಷ್ಟು ದಪ್ಪದ ಬಿಲ್ಲೆ ಹೋಯಿತು, ತಕ್ಕಡಿಗಳು ಮೊದಲು ಏನು ತೋರಿಸಿದವು, ಆಮೇಲೆ ಏನು ಎಂಬುದೆಲ್ಲ ಅಲ್ಲಿದೆ. ಇಂಥ ಕಾರನ್ನು ಕೊಳ್ಳಲು ಬರುವ ಬಲ್ಲವರು ಬಣ್ಣದ ಹೊಳಪನ್ನು ಒಮ್ಮೆ ನೋಡುತ್ತಾರೆ, ಎಂಜಿನ್ನಿನ ಸದ್ದನ್ನು ಒಮ್ಮೆ ಕೇಳುತ್ತಾರೆ, ಆಮೇಲೆ ಎಣ್ಣೆಗೈಯ ಗುರುತು ಮೆತ್ತಿದ ಆ ಪುಸ್ತಕವನ್ನು ಕೇಳಿ ಪಡೆದು ಮೊದಲ ಪುಟದಿಂದ ಓದಲು ಕೂರುತ್ತಾರೆ.